ತೋಟದ ಮೋಹಕ ಬಲೆ ಮತ್ತು ಮನುಷ್ಯರ ಮೈವಾಸನೆ

ಪ್ರಶ್ನೆ: ತೀರ್ಥಹಳ್ಳಿ ಸಮೀಪದ ಹಳ್ಳಿಯಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ವಯಸ್ಸು 29. ಕಳೆದ ಒಂದು ವರ್ಷದಲ್ಲಿ ಮೂರು ಕಡೆ ಹೆಣ್ಣು ನೋಡಿ ಬಂದೆವು. ಮೂರೂ ಮನೆಯವರು ಬೇಡವೆಂದರು. ಗೆಳೆಯನೊಬ್ಬ ಮೊಬೈಲಿನಲ್ಲಿ ‘ಫೆರೋಮೋನ್ ಪರ್ಫ್ಯೂಮ್’ ಜಾಹೀರಾತು ತೋರಿಸಿ, ಇದನ್ನು ಹಚ್ಚಿಕೊಂಡರೆ ಹೆಣ್ಣುಮಕ್ಕಳಿಗೆ ಅವರಿಗೇ ತಿಳಿಯದಂತೆ ಸೆಳೆತ ಹುಟ್ಟುತ್ತದೆ ಎಂದ. ನಮ್ಮ ತೆಂಗಿನ ಮರಗಳ ನಡುವೆ ಫೆರೋಮೋನ್ ಬಲೆ ಕಟ್ಟಿದ್ದೇವೆ, ದುಂಬಿಗಳು ಬಂದು ಬೀಳುವುದನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಪೂರ್ತಿ ಸುಳ್ಳು ಎನ್ನಲು ಮನಸ್ಸು ಬರುತ್ತಿಲ್ಲ. ಮನುಷ್ಯರಲ್ಲೂ ಇದು ನಿಜವೇ? ಇನ್ನೊಂದು ವಿಷಯ: ಬಾಣಂತನಕ್ಕೆ ಬಂದಿರುವ ಅಕ್ಕನ ಮಗು ಅತ್ತಾಗ ಅಮ್ಮ ಅಕ್ಕನ ಉಟ್ಟ ಸೀರೆಯನ್ನು ಪಕ್ಕದಲ್ಲಿಡುತ್ತಾರೆ, ಮಗು ಸುಮ್ಮನಾಗುತ್ತದೆ. ಅದೂ ಫೆರೋಮೋನಿನ ಕೆಲಸವೇ?

ಉತ್ತರ: ನಿಮ್ಮ ಸಂದೇಹ ಸರಿಯಾದ ಜಾಗದಿಂದಲೇ ಹೊರಟಿದೆ. ತೋಟದ ಬಲೆ ಸುಳ್ಳಲ್ಲ; ಅದನ್ನು ನೋಡಿದವರಿಗೆ ಮನುಷ್ಯರಿಗೂ ಅಂಥದ್ದೊಂದು ಇರಬಹುದೆನಿಸುವುದು ಸಹಜ. ಆದರೆ ಆ ಬಾಟಲಿಯಲ್ಲಿರುವ ಯಾವ ವಸ್ತುವೂ ಮನುಷ್ಯರ ಫೆರೋಮೋನ್ ಎಂದು ಇಂದಿನವರೆಗೆ ಸಾಬೀತಾಗಿಲ್ಲ, ಆದ್ದರಿಂದ ಅದಕ್ಕೆ ದುಡ್ಡು ಹಾಕಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಮನುಷ್ಯರ ನಡುವಿನ ಸೆಳೆತದಲ್ಲಿ ವಾಸನೆಗೆ ಪಾತ್ರವೇ ಇಲ್ಲವೆಂದು ಇದರರ್ಥವಲ್ಲ. ಪಾತ್ರವಿದೆ, ಆದರೆ ಅದು ನಿಮ್ಮ ಬಲೆಯಲ್ಲಿ ನಡೆಯುವುದಕ್ಕಿಂತ ಬೇರೆಯೇ ರೀತಿಯದು. ಈ ವ್ಯತ್ಯಾಸ ತಿಳಿದರೆ ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ಬಲೆಯಿಂದಲೇ ಆರಂಭಿಸೋಣ. ತೆಂಗಿಗೆ ಬರುವ ಕೆಂಪು ಮೂತಿ ಹುಳುವಿನ ಬಲೆಯಲ್ಲಿ ಫೆರುಜಿನಿಯಾಲ್ ಎಂಬ ರಾಸಾಯನಿಕವಿರುತ್ತದೆ. ಸುಳಿ ಕೊರೆಯುವ ರೈನೋಸರಸ್ ದುಂಬಿಯ ಬಲೆಯಲ್ಲಿ ಈಥೈಲ್ 4-ಮೀಥೈಲ್‌ಆಕ್ಟನೋಯೇಟ್ ಇರುತ್ತದೆ. ಎರಡನ್ನೂ ನಿಸರ್ಗದಲ್ಲಿ ಹೊರಸೂಸುವುದು ಗಂಡು. ಬಲೆಗೆ ಬಿದ್ದ ಹುಳುಗಳನ್ನು ಎಂದಾದರೂ ಬಿಡಿಸಿ ನೋಡಿದ್ದರೆ ಅವುಗಳಲ್ಲಿ ಗಂಡೂ ಹೆಣ್ಣೂ ಇರುವುದನ್ನು ಗಮನಿಸಿರಬಹುದು, ಏಕೆಂದರೆ ಇವು ‘ಇಲ್ಲಿ ಆಹಾರವಿದೆ, ಜೊತೆಯಿದೆ, ಬನ್ನಿ’ ಎಂದು ಎಲ್ಲರನ್ನೂ ಒಟ್ಟುಗೂಡಿಸುವ ಸಂಕೇತಗಳು. ಹಾಗಲಕಾಯಿ ಚಪ್ಪರದಲ್ಲಿ ಹಣ್ಣು ನೊಣಕ್ಕೆ ಕಟ್ಟುವ ಬಲೆಗಾದರೋ ಗಂಡು ನೊಣಗಳು ಮಾತ್ರ ಬರುತ್ತವೆ. ಎರಡರಲ್ಲೂ ಒಂದು ಅಂಶ ಸಮಾನವಾಗಿದೆ: ಕೋಶದಿಂದ ಹೊರಬಂದು ಬಲಿತು, ತನ್ನ ಜಾತಿಯ ಇನ್ನೊಂದು ಹುಳುವನ್ನು ಒಮ್ಮೆಯೂ ಕಂಡಿರದ ದುಂಬಿ ಕೂಡ ಆ ವಾಸನೆಗೆ ಬಂದೇ ಬರುತ್ತದೆ. ಅದನ್ನು ಯಾರೂ ಕಲಿಸಿಲ್ಲ. ಯಾವ ಗಂಡಿನಿಂದ ಆ ವಾಸನೆ ಬರುತ್ತಿದೆಯೆಂಬುದೂ ಅದಕ್ಕೆ ಬೇಕಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನೊಳಗೆ ಗಂಡೇ ಇಲ್ಲದಿದ್ದರೂ ಬಲೆ ಕೆಲಸ ಮಾಡುವುದು ಈ ಕಾರಣಕ್ಕಾಗಿಯೇ.

‘ಫೆರೋಮೋನ್’ ಎಂಬ ಪದವನ್ನು 1959ರಲ್ಲಿ ಪೀಟರ್ ಕಾರ್ಲ್‌ಸನ್ ಮತ್ತು ಮಾರ್ಟಿನ್ ಲೂಷರ್ ಎಂಬ ವಿಜ್ಞಾನಿಗಳು ಗ್ರೀಕ್ ಮೂಲದಿಂದ ಕಟ್ಟಿದರು. ಒಂದು ಪ್ರಾಣಿ ಹೊರಸೂಸಿದ ವಸ್ತುವನ್ನು ಅದೇ ಜಾತಿಯ ಇನ್ನೊಂದು ಪ್ರಾಣಿ ಗ್ರಹಿಸಿದಾಗ ಅದರಲ್ಲಿ ನಿರ್ದಿಷ್ಟ ವರ್ತನೆಯೋ ದೇಹದ ಬದಲಾವಣೆಯೋ ಆಗಬೇಕು. ಆಗ ಮಾತ್ರ ಆ ವಸ್ತುವಿಗೆ ಈ ಹೆಸರು ಸಲ್ಲುತ್ತದೆ. ಅದೇ ವರ್ಷ ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಅವರ ತಂಡ ಮೊಟ್ಟಮೊದಲ ಫೆರೋಮೋನನ್ನು ಗುರುತಿಸಿತು. ನಮ್ಮ ರಾಜ್ಯಕ್ಕೆ ಅಷ್ಟು ಪರಿಚಿತವಾದ ರೇಷ್ಮೆ ಹುಳುವಿನ ಹೆಣ್ಣು ಪತಂಗದಿಂದ ಅದನ್ನು ಪಡೆಯಲು ಅವರಿಗೆ ಸುಮಾರು ಇಪ್ಪತ್ತು ವರ್ಷ ಮತ್ತು ಹತ್ತಿರ ಹತ್ತಿರ 5 ಲಕ್ಷ ಪತಂಗಗಳು ಬೇಕಾದವು. ಕೊನೆಗೆ ಕೈಗೆ ಬಂದದ್ದು ಕೆಲವೇ ಮಿಲಿಗ್ರಾಂ ವಸ್ತು. ಅದಕ್ಕೆ ಬಾಂಬಿಕಾಲ್ ಎಂದು ಹೆಸರಿಟ್ಟರು. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದಾಗ ಈ ಪ್ರಸಂಗವನ್ನು ಪ್ರತಿ ವರ್ಷವೂ ವಿವರವಾಗಿ ಹೇಳುತ್ತಿದ್ದೆ, ಏಕೆಂದರೆ ಫೆರೋಮೋನನ್ನು ಸಾಬೀತುಪಡಿಸುವ ದಾರಿ ಯಾವುದೆಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೊದಲು ವರ್ತನೆಯನ್ನು ಗುರುತಿಸಬೇಕು, ಅದಕ್ಕೆ ಕಾರಣವಾದ ಅಣುವನ್ನು ಬೇರ್ಪಡಿಸಬೇಕು, ಅದೇ ಅಣುವನ್ನು ಪ್ರಯೋಗಾಲಯದಲ್ಲಿ ತಯಾರಿಸಬೇಕು, ಬಳಿಕ ನಿಸರ್ಗದಲ್ಲಿರುವಷ್ಟೇ ಪ್ರಮಾಣದಲ್ಲಿ ಕೊಟ್ಟಾಗ ಅದೇ ವರ್ತನೆ ಮರಳಿ ಬರಬೇಕು. ಮನುಷ್ಯರ ವಿಷಯದಲ್ಲಿ ಯಾವ ಸಂಶೋಧನೆಯೂ ಈ ದಾರಿಯನ್ನು ಕೊನೆಯವರೆಗೆ ನಡೆದು ಮುಗಿಸಿಲ್ಲ.

ಹುಳುಗಳ ಮಾತು ಬಿಡಿ, ಬೆನ್ನುಮೂಳೆಯುಳ್ಳ ಪ್ರಾಣಿಗಳಲ್ಲಿ ಇದೆಯೇ ಎಂದು ನೀವು ಕೇಳಬಹುದು. ಖಂಡಿತ ಇದೆ, ಅದೂ ನಿಮ್ಮ ಆಸುಪಾಸಿನಲ್ಲೇ ಇದೆ. ನಿಮ್ಮ ತಾಲ್ಲೂಕಿನ ಆಗುಂಬೆಯ ಕಾಡಿನಲ್ಲಿ ಗಂಡು ಕಾಳಿಂಗ ಸರ್ಪ ಹೆಣ್ಣು ಹರಿದು ಹೋದ ಜಾಡಿನಲ್ಲಿ ಉಳಿದ ವಾಸನೆಯನ್ನು ನಾಲಿಗೆಯಿಂದ ಹಿಡಿಯುತ್ತಾ ಅದನ್ನು ಹಿಂಬಾಲಿಸುತ್ತದೆ. ಕೊಟ್ಟಿಗೆಯ ಹೋರಿ ಹಸುವಿನ ಮೂತ್ರವನ್ನು ಮೂಸಿ, ಕತ್ತೆತ್ತಿ, ಮೇಲ್ತುಟಿಯನ್ನು ಮಡಚಿ ನಿಲ್ಲುವುದನ್ನು ನೀವು ಎಷ್ಟೋ ಸಲ ನೋಡಿರುತ್ತೀರಿ. ಹಸು ಬೆದೆಗೆ ಬಂದಿದೆಯೇ ಎಂದು ಅದು ಪರೀಕ್ಷಿಸುವ ಕ್ರಮ ಅದು. ಶಿವಮೊಗ್ಗಕ್ಕೆ ಬರುವ ದಾರಿಯಲ್ಲಿ ಸಕ್ರೆಬೈಲಿನ ಆನೆ ಶಿಬಿರದಲ್ಲಿ ಸ್ವಲ್ಪ ಹೊತ್ತು ನಿಂತರೆ, ಗಂಡಾನೆ ಸೊಂಡಿಲಿನ ತುದಿಯನ್ನು ನೆಲದ ಮೇಲಿನ ಮೂತ್ರಕ್ಕೆ ತಾಗಿಸಿ ಬಳಿಕ ಬಾಯೊಳಗೆ ಇಟ್ಟುಕೊಳ್ಳುವುದು ಕಾಣಸಿಗಬಹುದು. ಏಷ್ಯಾದ ಹೆಣ್ಣಾನೆ ಗರ್ಭ ಧರಿಸಲು ಸಿದ್ಧವಾಗುವ ಹೊತ್ತಿಗೆ ಅದರ ಮೂತ್ರದಲ್ಲಿ ಒಂದು ವಿಶಿಷ್ಟ ಅಣು ಹೆಚ್ಚುತ್ತದೆಯೆಂದು ವಿಜ್ಞಾನಿ ರಾಸ್ಮುಸೆನ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ಹಲವಾರು ಜಾತಿಯ ಪತಂಗಗಳ ಹೆಣ್ಣುಗಳು ಗಂಡನ್ನು ಕರೆಯಲು ಬಳಸುವುದೂ ಅದೇ ಅಣು. ಸೊಂಡಿಲುಳ್ಳ ಅಷ್ಟು ದೊಡ್ಡ ಪ್ರಾಣಿಯೂ ಬೆರಳ ತುದಿಯಷ್ಟು ದೊಡ್ಡ ಹುಳುವೂ ಒಂದೇ ರಸಾಯನಶಾಸ್ತ್ರವನ್ನು ಬೇರೆ ಬೇರೆಯಾಗಿ ಕಂಡುಕೊಂಡಿರುವುದು ಇಂದಿಗೂ ನನ್ನಲ್ಲಿ ಬೆರಗು ಹುಟ್ಟಿಸುತ್ತದೆ.

ಮನುಷ್ಯರ ಕಥೆ ಶುರುವಾಗಿದ್ದು ಹಂದಿಯಿಂದ. ಗಂಡು ಹಂದಿಯ ಜೊಲ್ಲಿನಲ್ಲಿ ಆಂಡ್ರೋಸ್ಟೆನೋನ್ ಎಂಬ ವಸ್ತುವಿದೆ. ಬೆದೆಗೆ ಬಂದ ಹೆಣ್ಣು ಹಂದಿ ಅದರ ವಾಸನೆ ಹಿಡಿದೊಡನೆ ಕೂಡುವ ಭಂಗಿಯಲ್ಲಿ ಕದಲದೆ ನಿಲ್ಲುತ್ತದೆ. ಹಂದಿ ಸಾಕುವವರಿಗೆ ಈ ವಸ್ತುವಿನ ಸ್ಪ್ರೇ ಮಾರುಕಟ್ಟೆಯಲ್ಲಿ ನಿಜವಾಗಿಯೂ ಸಿಗುತ್ತದೆ. ಇದೇ ವಸ್ತು ಮನುಷ್ಯರ ಕಂಕುಳಿನ ಬೆವರಿನಲ್ಲಿಯೂ ಅಲ್ಪ ಪ್ರಮಾಣದಲ್ಲಿ ಕಂಡುಬಂದಾಗ, ಹಂದಿಯಲ್ಲಿ ಕೆಲಸ ಮಾಡಿದ್ದು ಮನುಷ್ಯರಲ್ಲೂ ಮಾಡಬಹುದೆಂಬ ಊಹೆ ಹುಟ್ಟಿತು. 1980ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ದಂತವೈದ್ಯರ ನಿರೀಕ್ಷಣಾ ಕೊಠಡಿಯ ಒಂದು ಕುರ್ಚಿಗೆ ಇದನ್ನು ಸಿಂಪಡಿಸಲಾಗಿತ್ತು. ಆ ಕುರ್ಚಿಯಲ್ಲಿ ಹೆಚ್ಚು ಹೆಂಗಸರು ಕುಳಿತರೆಂದು ವರದಿಯಾಯಿತು. ಪತ್ರಿಕೆಗಳಿಗೆ ಅಷ್ಟು ಸಾಕಾಯಿತು. ಆದರೆ ಈ ವಾಸನೆ ಎಲ್ಲರಿಗೂ ಒಂದೇ ರೀತಿ ಕಾಣುವುದೇ ಇಲ್ಲ. ಮೂಗಿನಲ್ಲಿ ವಾಸನೆಯ ಅಣುವನ್ನು ಹಿಡಿಯುವ ಒಂದು ನಿರ್ದಿಷ್ಟ ಗ್ರಾಹಕದ (ರಿಸೆಪ್ಟರ್) ಜೀನ್ ಯಾವ ರೂಪದಲ್ಲಿದೆ ಎಂಬುದರ ಮೇಲೆ ಕೆಲವರಿಗೆ ಅದು ಮೂತ್ರದ ನಾತದಂತೆ, ಕೆಲವರಿಗೆ ವೆನಿಲಾದಂತೆ ಸಿಹಿಯಾಗಿ ಅನ್ನಿಸುತ್ತದೆ, ಇನ್ನು ಕೆಲವರಿಗೆ ಏನೂ ತಿಳಿಯುವುದಿಲ್ಲವೆಂದು 2007ರ ಸಂಶೋಧನೆ ತೋರಿಸಿತು. ಒಂದು ಜಾತಿಯ ಎಲ್ಲರನ್ನೂ ಒಂದೇ ರೀತಿ ಸೆಳೆಯಬೇಕಾದ ವಸ್ತುವಿಗೆ ಇದು ಒಪ್ಪುವ ಲಕ್ಷಣವಲ್ಲ.

ಇಂದು ಬಾಟಲಿಗಳ ಮೇಲೆ ಹೆಚ್ಚಾಗಿ ಕಾಣುವ ಹೆಸರುಗಳು ಆಂಡ್ರೋಸ್ಟಾಡೈನೋನ್ ಮತ್ತು ಎಸ್ಟ್ರಾಟೆಟ್ರಾಎನಾಲ್. 1991ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಇವನ್ನು ‘ಮನುಷ್ಯರ ಸಂಭಾವ್ಯ ಫೆರೋಮೋನ್’ ಎಂದು ಪರಿಚಯಿಸಲಾಯಿತು. ಆ ಸಮ್ಮೇಳನಕ್ಕೆ ನೆರವು ನೀಡಿದ್ದು ಈ ವಸ್ತುಗಳಲ್ಲಿ ವ್ಯಾಪಾರದ ಹಿತಾಸಕ್ತಿಯಿದ್ದ ಒಂದು ಕಂಪನಿ. ಈ ಅಣುಗಳನ್ನೇ ಏಕೆ ಆರಿಸಿಕೊಂಡರು, ಯಾವ ವರ್ತನೆಯಿಂದ ಹೊರಟು ಇವುಗಳನ್ನು ತಲುಪಿದರು ಎಂಬ ವಿವರ ಆಗ ಪ್ರಕಟವಾಗಲಿಲ್ಲ. ಬ್ಯೂಟೆನಾಂಟ್ ಇಪ್ಪತ್ತು ವರ್ಷ ಸವೆಸಿದ ದಾರಿಯನ್ನು ಇಲ್ಲಿ ಯಾರೂ ತುಳಿಯಲಿಲ್ಲ. ಆದರೂ ಮುಂದಿನ ಎರಡು ದಶಕ ಜಗತ್ತಿನ ಅನೇಕ ಪ್ರಯೋಗಾಲಯಗಳು ಇವೇ ಎರಡು ವಸ್ತುಗಳನ್ನು, ಬಹಳಷ್ಟು ಸಲ ಬೆವರಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪ್ರಮಾಣದಲ್ಲಿ, ಜನರಿಗೆ ಮೂಸಿಸಿ ಫಲಿತಾಂಶ ಹುಡುಕಿದವು. ಬ್ರಿಟನ್ನಿನ ಜೀವವಿಜ್ಞಾನಿ ಟ್ರಿಸ್ಟ್ರಾಮ್ ವ್ಯಾಟ್ 2015ರಲ್ಲಿ ಈ ಇತಿಹಾಸವನ್ನೆಲ್ಲ ಬಿಡಿಸಿಟ್ಟು, ಮೊದಲಿನಿಂದ ಶುರುಮಾಡಬೇಕೆಂದು ಒತ್ತಾಯಿಸಿದರು. 2017ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಈ ಎರಡೂ ವಸ್ತುಗಳನ್ನು ಎಚ್ಚರಿಕೆಯಿಂದ ಪರೀಕ್ಷಿಸಿದಾಗ, ಅವುಗಳನ್ನು ಮೂಸಿದವರು ಎದುರು ಲಿಂಗದವರ ಚಿತ್ರಗಳಿಗೆ ಕೊಟ್ಟ ಆಕರ್ಷಣೆಯ ಅಂಕಗಳಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಮನುಷ್ಯರಿಗೆ ಫೆರೋಮೋನ್ ಗ್ರಹಿಸುವ ಅಂಗವೇ ಇಲ್ಲ ಎಂಬ ವಾದವನ್ನೂ ನೀವು ಓದಬಹುದು. ಹಾವು, ಹೋರಿ, ಆನೆಗಳು ಬಳಸುವ ಜೇಕಬ್‌ಸನ್ ಅಂಗ ನಮ್ಮಲ್ಲಿ ಭ್ರೂಣದಲ್ಲಿ ಕಾಣಿಸಿಕೊಂಡು, ದೊಡ್ಡವರಾಗುವಷ್ಟರಲ್ಲಿ ನರಗಳ ಸಂಪರ್ಕವಿಲ್ಲದ ಒಂದು ಸಣ್ಣ ಗುಳಿಯಾಗಿ ಉಳಿಯುತ್ತದೆ. ಅದರ ಕೆಲಸಕ್ಕೆ ಬೇಕಾದ ಒಂದು ಮುಖ್ಯ ಜೀನ್ ಕೂಡ ನಮ್ಮಲ್ಲಿ ಕೆಟ್ಟುಹೋಗಿದೆ. ಇದು ನಿಜ. ಆದರೆ ಇದರಿಂದ ಮನುಷ್ಯರಲ್ಲಿ ಫೆರೋಮೋನ್ ಸಾಧ್ಯವೇ ಇಲ್ಲವೆಂದು ತೀರ್ಮಾನಿಸುವುದು ತಪ್ಪು, ಏಕೆಂದರೆ ಹೆಣ್ಣು ಹಂದಿ ಆಂಡ್ರೋಸ್ಟೆನೋನನ್ನು ಗ್ರಹಿಸುವುದು ಸಾಮಾನ್ಯ ಮೂಗಿನಿಂದಲೇ. ಅಂಥ ಮೂಗು ನಮಗೂ ಇದೆ, ಅದರಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಒಂದೇ ಹಾಸ್ಟೆಲ್ಲಿನಲ್ಲಿರುವ ಹುಡುಗಿಯರ ಮುಟ್ಟಿನ ದಿನಗಳು ಫೆರೋಮೋನ್ ಕಾರಣದಿಂದ ಹೊಂದಿಕೊಳ್ಳುತ್ತವೆ ಎಂಬ ನಂಬಿಕೆಯೂ 1971ರ ಒಂದು ಅಮೆರಿಕನ್ ಅಧ್ಯಯನದಿಂದ ಹರಡಿದ್ದು. ಚೀನಾದ ವಿದ್ಯಾರ್ಥಿನಿಲಯಗಳ 186 ಯುವತಿಯರನ್ನು ಗಮನಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಹೊಂದಾಣಿಕೆ ಕಾಣಲಿಲ್ಲ. ಬೇರೆ ಬೇರೆ ಉದ್ದದ ಚಕ್ರಗಳು ಆಗಾಗ ತಾವಾಗಿಯೇ ಹತ್ತಿರ ಬಂದು ದೂರವಾಗುವುದು ಲೆಕ್ಕದ ಸಹಜ ಪರಿಣಾಮ.

ಇನ್ನು ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಸಂಶೋಧನೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. 1995ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಕ್ಲಾಸ್ ವೆಡೆಕಿಂಡ್ ಮತ್ತು ಸಂಗಡಿಗರು 44 ಯುವಕರಿಗೆ ಹತ್ತಿಯ ಟೀ ಶರ್ಟ್ ಕೊಟ್ಟು, ಎರಡು ರಾತ್ರಿ ಅದನ್ನೇ ತೊಟ್ಟು ಮಲಗಲು ಹೇಳಿದರು. ಆ ಅಂಗಿಗಳನ್ನು 49 ಯುವತಿಯರು ಮೂಸಿ ನೋಡಿ, ಯಾವ ವಾಸನೆ ಎಷ್ಟು ಹಿತವೆಂದು ಅಂಕ ಕೊಟ್ಟರು. ನಮ್ಮ ದೇಹ ರೋಗಾಣುಗಳನ್ನು ಗುರುತಿಸಲು ನೆರವಾಗುವ ಎಚ್‌ಎಲ್‌ಎ ಎಂಬ ಜೀನ್‌ಗಳ ಗುಂಪೊಂದಿದೆ. ಅದು ಒಬ್ಬರಿಂದೊಬ್ಬರಿಗೆ ಬಹಳ ಬದಲಾಗುತ್ತದೆ. ತಮ್ಮದಕ್ಕಿಂತ ಬೇರೆಯಾದ ಎಚ್‌ಎಲ್‌ಎ ಉಳ್ಳವರ ಅಂಗಿಯ ವಾಸನೆಯನ್ನು ಯುವತಿಯರು ಹೆಚ್ಚು ಇಷ್ಟಪಟ್ಟರು. ಗರ್ಭನಿರೋಧಕ ಮಾತ್ರೆ ಸೇವಿಸುತ್ತಿದ್ದವರಲ್ಲಿ ಇದು ತಿರುವುಮುರುವಾಗಿತ್ತು. ಮುಂದೆ ಬಂದ ಅಧ್ಯಯನಗಳು ಕೆಲವು ಇದನ್ನು ಒಪ್ಪಿದವು, ಕೆಲವು ಒಪ್ಪಲಿಲ್ಲ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಪರಿಣಾಮ ಬಲವಾದದ್ದೆಂದು ನಾನು ಹೇಳಲಾರೆ.

ಆದರೆ ವಾದಕ್ಕಾಗಿ ಈ ಫಲಿತಾಂಶ ಪೂರ್ತಿ ಸರಿಯೆಂದೇ ಇಟ್ಟುಕೊಳ್ಳಿ. ಅದು ಹೇಳುವುದೇನು? ಒಬ್ಬಳಿಗೆ ಹಿತವೆನಿಸಿದ ಅಂಗಿ ಇನ್ನೊಬ್ಬಳಿಗೆ ಹಿತವೆನಿಸಲಿಲ್ಲ. ಮೂಸುವವಳು ಯಾರು, ತೊಟ್ಟವನು ಯಾರು ಎಂಬುದರ ಮೇಲೆ ಉತ್ತರ ಬದಲಾಯಿತು. ನಿಮ್ಮ ಬಲೆಯ ಫೆರುಜಿನಿಯಾಲ್ ಮಾಡುವುದು ಇದಕ್ಕೆ ತೀರಾ ವಿರುದ್ಧವಾದ ಕೆಲಸ. ದುಂಬಿಗೆ ಯಾರೋ ಒಂದು ಗಂಡು ಸಾಕು, ಆದ್ದರಿಂದ ಒಂದೇ ಅಣುವನ್ನು ಕಾರ್ಖಾನೆಯಲ್ಲಿ ತಯಾರಿಸಿ ಎಲ್ಲ ತೋಟಕ್ಕೂ ಹಂಚಬಹುದು. ಮನುಷ್ಯರ ಮೈವಾಸನೆಯಲ್ಲಿ ನೂರಾರು ವಸ್ತುಗಳ ಮಿಶ್ರಣವಿದ್ದು, ಅದು ಒಬ್ಬೊಬ್ಬರದೂ ಬೇರೆಯಾಗಿರುತ್ತದೆ. ಅದನ್ನು ಎದುರಿನವರು ಒಡನಾಟದಿಂದ ಕಲಿತು ಗುರುತಿಸುತ್ತಾರೆ. ವಿಜ್ಞಾನಿಗಳು ಇದನ್ನು ಫೆರೋಮೋನಿನಿಂದ ಬೇರ್ಪಡಿಸಿ, ವ್ಯಕ್ತಿಯ ಸಹಿಯಂಥ ವಾಸನೆ ಎಂದು ಕರೆಯುತ್ತಾರೆ. ಇನ್ನೊಬ್ಬರ ಸಹಿಯನ್ನು ಬಾಟಲಿಯಲ್ಲಿ ಕೊಂಡು ನೀವು ಹಚ್ಚಿಕೊಂಡರೆ ಅದು ನಿಮ್ಮದಾಗುವುದಿಲ್ಲ.

ಈ ವಾಸನೆ ಎಲ್ಲಿಂದ ಬರುತ್ತದೆಂಬುದೂ ತಿಳಿಯತಕ್ಕ ವಿಷಯ. ಬಿಸಿಲಿಗೆ ಹಣೆಯಲ್ಲಿ ಇಳಿಯುವ ನೀರಿನಂಥ ಬೆವರಿಗೆ ಹೆಚ್ಚು ವಾಸನೆಯಿಲ್ಲ. ಕಂಕುಳಿನಲ್ಲಿ, ಹರೆಯ ಬಂದಮೇಲೆ ಕೆಲಸ ಶುರುಮಾಡುವ ಬೇರೊಂದು ಬಗೆಯ ಗ್ರಂಥಿಗಳಿವೆ; ಅವುಗಳ ಸ್ರಾವಕ್ಕೂ ಹೊರಬರುವಾಗ ವಾಸನೆ ಬಹಳ ಕಡಿಮೆ, ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ನಾವು ಗುರುತಿಸುವ ಘಾಟು ಹುಟ್ಟುತ್ತದೆ. ಪೂರ್ವ ಏಷ್ಯಾದ ಬಹುಪಾಲು ಜನರಲ್ಲಿ ಒಂದು ಜೀನ್ ರೂಪಾಂತರದಿಂದಾಗಿ ಈ ಘಾಟು ಬಹಳ ಕಡಿಮೆ. ಕೊರಿಯಾದಲ್ಲಿ ಹೆಚ್ಚುಕಡಿಮೆ ಎಲ್ಲರೂ ಹಾಗೆಯೇ. ಕಂಕುಳಿನ ವಾಸನೆಯೇ ಗಂಡುಹೆಣ್ಣುಗಳ ಸೆಳೆತದ ಮೂಲವಾಗಿದ್ದರೆ ಆ ನಾಡುಗಳಲ್ಲಿ ಜನ ಪರಸ್ಪರ ಮೆಚ್ಚಿಕೊಂಡು ಸಂಸಾರ ಹೂಡಿದ್ದು ಹೇಗೆ ಎಂಬ ಪ್ರಶ್ನೆಗೆ ಜಾಹೀರಾತುಗಳಲ್ಲಿ ಉತ್ತರವಿಲ್ಲ.

ಹಾಗಾದರೆ ವಾಸನೆ ಮನುಷ್ಯರ ನಡುವೆ ಮಾಡುವುದೇನು? ಬೇರೆ ಇಂದ್ರಿಯಗಳ ಸುದ್ದಿಗಿಂತ ಹತ್ತಿರದ ದಾರಿಯಲ್ಲಿ ಅದು ಭಾವನೆ ಮತ್ತು ನೆನಪನ್ನು ನಡೆಸುವ ಮಿದುಳಿನ ಭಾಗಗಳನ್ನು ಮುಟ್ಟುತ್ತದೆ. ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲೆ ಒಣಗಿಸಿದ ಕಂಬಳಿಯ ಹೊಗೆವಾಸನೆ ನನಗೆ ಇಂದಿಗೂ ನನ್ನ ಅಜ್ಜನನ್ನೇ ಎದುರಿಗೆ ತಂದು ನಿಲ್ಲಿಸುತ್ತದೆ. ಅದೇ ವಾಸನೆ ಪೇಟೆಯಲ್ಲಿ ಬೆಳೆದ ನನ್ನ ಹೆಂಡತಿಗೆ ಬರಿಯ ಹೊಗೆ. ಬಹಳ ವರ್ಷ ಜೊತೆಗಿದ್ದ ದಂಪತಿಗಳಿಗೆ ಸಂಗಾತಿಯ ಬಟ್ಟೆಯ ವಾಸನೆ ನೆಮ್ಮದಿ ಕೊಡುವುದೂ ಈ ಕಲಿಕೆಯಿಂದಲೇ. ಅಂದರೆ ಪ್ರೀತಿ ಮೊದಲು ಬಂದು ವಾಸನೆ ಆಮೇಲೆ ಪ್ರಿಯವಾಗುವುದು ಸಾಮಾನ್ಯ. ಜಾಹೀರಾತು ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಆರೋಗ್ಯದ ಸುಳಿವೂ ಮೈವಾಸನೆಯಲ್ಲಿದೆ: ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಕೃತಕವಾಗಿ ಕೆರಳಿಸಿದ ಕೆಲವೇ ಗಂಟೆಗಳಲ್ಲಿ ಆ ವ್ಯಕ್ತಿಗಳ ಅಂಗಿಯ ವಾಸನೆ ಇತರರಿಗೆ ಅಹಿತವೆನಿಸಿತೆಂದು 2014ರಲ್ಲಿ ಸ್ವೀಡನ್ನಿನ ಸಂಶೋಧಕರು ವರದಿ ಮಾಡಿದರು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ತಂಡವೊಂದು ಹೆಂಗಸರ ಕಣ್ಣೀರನ್ನು ಮೂಸಿದ ಗಂಡಸರಲ್ಲಿ ಕಾಮಭಾವ ತಗ್ಗುತ್ತದೆಂದು 2011ರಲ್ಲೂ, ಆಕ್ರಮಣಶೀಲತೆ ತಗ್ಗುತ್ತದೆಂದು 2023ರಲ್ಲೂ ಪ್ರಕಟಿಸಿತು. ಮೊದಲನೆಯ ಫಲಿತಾಂಶ ಬೇರೆಯವರ ಪ್ರಯೋಗದಲ್ಲಿ ಮರಳಿ ಬರಲಿಲ್ಲ. ಎರಡನೆಯದನ್ನು ಇತರರು ಪರೀಕ್ಷಿಸುವವರೆಗೆ ಕಾಯುವುದು ಉಚಿತ. ಈ ಕ್ಷೇತ್ರದ ಬಾಗಿಲು ಮುಚ್ಚಿಲ್ಲ. ಮುಂದೊಂದು ದಿನ ಮನುಷ್ಯರ ಫೆರೋಮೋನ್ ದೊರೆತರೆ ನನಗೆ ಸಂತೋಷವೇ ಆಗುತ್ತದೆ.

ನೀವು ನೋಡಿ ಬಂದ ಮೂರು ಮನೆಗಳ ವಿಚಾರಕ್ಕೆ ಬರುತ್ತೇನೆ. ಜಗುಲಿಯಲ್ಲೋ ನಡುಮನೆಯಲ್ಲೋ ಹತ್ತು ಜನರ ನಡುವೆ, ಉಪ್ಪಿಟ್ಟು, ಕೇಸರಿಬಾತು, ಕಾಫಿ, ಮಲ್ಲಿಗೆಗಳ ವಾಸನೆಯ ಮಧ್ಯೆ, ಐದಾರು ಅಡಿ ದೂರದಲ್ಲಿ ಕುಳಿತ ನಿಮ್ಮ ಮೈವಾಸನೆ ಆ ಹುಡುಗಿಯ ತೀರ್ಮಾನವನ್ನು ನಿರ್ಧರಿಸಿರುವ ಸಂಭವ ತೀರಾ ಕಡಿಮೆ. ಮಲೆನಾಡಿನಲ್ಲಿ ತೋಟ ನೋಡಿಕೊಂಡಿರುವ ಎಷ್ಟೋ ಯುವಕರು ಇಂದು ಇದೇ ಉತ್ತರ ಕೇಳುತ್ತಿದ್ದಾರೆ. ಊರಿನ ದೂರ, ಹುಡುಗಿಯ ಓದು ಮತ್ತು ಉದ್ಯೋಗ, ಮನೆಯ ಕೆಲಸದ ಹೊರೆ ಇವೇ ಅಲ್ಲಿ ತೂಗುವ ಸಂಗತಿಗಳು. ಈ ನೋವನ್ನು ನಿಮ್ಮ ದೇಹದ ಕೊರತೆಯೆಂದು ಭಾವಿಸಬೇಡಿ. ಮುಂದಿನ ಸಲ ಹಿರಿಯರ ಒಪ್ಪಿಗೆ ಪಡೆದು ಆಕೆಯೊಂದಿಗೆ ಸ್ವಲ್ಪ ಹೊತ್ತು ಬೇರೆಯಾಗಿ ಮಾತಾಡಿ, ತೋಟದ ಬದುಕಿನಲ್ಲಿ ಆಕೆಯ ಓದಿಗೆ ಯಾವ ಜಾಗವಿದೆಯೆಂದು ನೀವಾಗಿಯೇ ಹೇಳಿದರೆ, ಯಾವ ಅತ್ತರಿಗಿಂತಲೂ ಅದು ಹೆಚ್ಚು ಫಲ ಕೊಡುತ್ತದೆಂದು ನನ್ನ ಅನಿಸಿಕೆ.

ವಾಸನೆಯ ಬಗ್ಗೆ ನೀವು ಮಾಡಬಹುದಾದ ಒಂದು ಕೆಲಸ ಇದೆ. ನಮ್ಮ ಮಳೆಗಾಲದಲ್ಲಿ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಆ ಮುಗ್ಗಲು ವಾಸನೆಗೆ ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣವೆಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದ್ದಾರೆ. ಅದು ಒಮ್ಮೆ ಸೇರಿಕೊಂಡರೆ ತಣ್ಣೀರಿನ ಒಗೆತಕ್ಕೆ ಪೂರ್ತಿ ಹೋಗುವುದಿಲ್ಲ, ಮೈ ಬಿಸಿಗೆ ಮತ್ತೆ ವಾಸನೆ ಏಳುತ್ತದೆ. ಬಚ್ಚಲ ಹಂಡೆಯ ಕುದಿನೀರಿನಲ್ಲಿ ನೆನೆಸಿ ಒಗೆದು, ಬಿಸಿಲು ಬಿದ್ದ ದಿನ ಚೆನ್ನಾಗಿ ಒಣಗಿಸಿದರೆ ಸಾಕು. ಬಾಟಲಿಯ ಖರ್ಚು ಉಳಿಯುತ್ತದೆ.

ಕೊನೆಗೆ ನಿಮ್ಮ ಅಕ್ಕನ ಮಗುವಿನ ವಿಷಯ. ಮನುಷ್ಯರಲ್ಲಿ ಫೆರೋಮೋನ್ ಸಿಗುವುದಾದರೆ ಎಲ್ಲಿ ಸಿಗಬಹುದೆಂದು ಕೇಳಿದರೆ ನಾನು ಬಾಣಂತಿಯ ಕೋಣೆಯ ಕಡೆಗೇ ಕೈ ತೋರಿಸುತ್ತೇನೆ. ತಾಯಿ ಮೊಲ ದಿನಕ್ಕೊಮ್ಮೆ, ಕೆಲವೇ ನಿಮಿಷ ಮರಿಗಳಿಗೆ ಹಾಲೂಡಿಸುತ್ತದೆ. ಕಣ್ಣು ತೆರೆಯದ ಮರಿಗಳು ಅಷ್ಟರಲ್ಲಿ ಮೊಲೆತೊಟ್ಟನ್ನು ಹುಡುಕಲು ಹಾಲಿನಲ್ಲಿರುವ ಒಂದೇ ಒಂದು ಅಣು ನೆರವಾಗುತ್ತದೆಂದು ಫ್ರಾನ್ಸಿನ ಬೆನ್ವಾ ಶಾಲ್ ಅವರ ತಂಡ 2003ರಲ್ಲಿ ಕಂಡುಹಿಡಿಯಿತು. ಅದೇ ತಂಡ 2009ರಲ್ಲಿ ಮೂರು ದಿನದ ಮನುಷ್ಯ ಶಿಶುಗಳನ್ನು ಗಮನಿಸಿತು. ಹಾಲೂಡಿಸುವ ತಾಯಂದಿರ ಮೊಲೆತೊಟ್ಟಿನ ಸುತ್ತಲಿನ ಕಪ್ಪು ವೃತ್ತದಲ್ಲಿ ಸಣ್ಣ ಗುಳ್ಳೆಗಳಂತೆ ಕಾಣುವ ಗ್ರಂಥಿಗಳಿವೆ. ಅವುಗಳ ಸ್ರಾವವನ್ನು ಮೂಗಿನ ಬಳಿ ಹಿಡಿದಾಗ ಶಿಶುಗಳು ತುಟಿ ಆಡಿಸಿದವು, ಉಸಿರಾಟ ಬದಲಾಯಿತು. ಆ ಸ್ರಾವ ಅವುಗಳ ಸ್ವಂತ ತಾಯಿಯದಾಗಿರಲಿಲ್ಲ. ಯಾವ ತಾಯಿಯದಾದರೂ ಎಲ್ಲ ಶಿಶುಗಳಲ್ಲಿ ಒಂದೇ ಪ್ರತಿಕ್ರಿಯೆ ಎಂದರೆ ಅದು ನಿಜಕ್ಕೂ ನಿಮ್ಮ ಬಲೆಯ ದುಂಬಿಗೆ ಹತ್ತಿರವಾದ ಲಕ್ಷಣ. ಅದರಲ್ಲಿರುವ ಅಣು ಯಾವುದೆಂದು ಇನ್ನೂ ಗುರುತಿಸಬೇಕಾಗಿರುವುದರಿಂದ ಫೆರೋಮೋನ್ ಎಂಬ ಹೆಸರು ಕೊಡುವ ಹಾಗಿಲ್ಲ.

ಸೀರೆಯ ಸಂಗತಿ ಮಾತ್ರ ಬೇರೆ. ಮಗುವನ್ನು ಸುಮ್ಮನಾಗಿಸುತ್ತಿರುವುದು ಯಾರೋ ಒಬ್ಬ ತಾಯಿಯ ವಾಸನೆಯಲ್ಲ, ನಿಮ್ಮ ಅಕ್ಕನ ವಾಸನೆ. ಹುಟ್ಟಿದ ಮೊದಲ ಒಂದು ವಾರದೊಳಗೇ ಶಿಶುಗಳು ಸ್ವಂತ ತಾಯಿಯ ಎದೆಯ ಬಟ್ಟೆಯನ್ನು ಬೇರೆ ತಾಯಿಯ ಬಟ್ಟೆಯಿಂದ ಬೇರ್ಪಡಿಸಿ ಅದರ ಕಡೆ ಮುಖ ತಿರುಗಿಸುತ್ತವೆಯೆಂದು 1975ರಲ್ಲೇ ಇಂಗ್ಲೆಂಡಿನಲ್ಲಿ ತೋರಿಸಲಾಗಿತ್ತು. ನಿಮ್ಮ ಅಮ್ಮನಿಗೆ ಇದು ತಮ್ಮ ಅಮ್ಮನಿಂದ ಬಂದ ತಿಳಿವಳಿಕೆಯಿರಬೇಕು. ಒಂದು ಎಚ್ಚರಿಕೆಯನ್ನು ಮಾತ್ರ ಅವರಿಗೆ ತಿಳಿಸಿ: ಸಡಿಲವಾದ ಬಟ್ಟೆ ನಿದ್ದೆಯಲ್ಲಿ ಮಗುವಿನ ಮುಖದ ಮೇಲೆ ಜಾರಿದರೆ ಉಸಿರಿಗೆ ಅಪಾಯ. ಮಗು ಎಚ್ಚರವಿದ್ದು ಯಾರಾದರೂ ಪಕ್ಕದಲ್ಲಿರುವಾಗ ಸೀರೆಯಿರಲಿ. ಕಣ್ಣು ಮುಚ್ಚಿದ ಕೂಡಲೇ ಅದನ್ನು ತೊಟ್ಟಿಲಿನಿಂದ ತೆಗೆದುಬಿಡಲಿ.